ಹಗೆಯವನ ಕತ್ತೆ

ಕನ್ನಡದಲ್ಲಿ 'ಮುಯ್ಯಿ' ಎಂಬ ಪುಟ್ಟ ಪದವೊಂದಿದೆ. ಮದುವೆಯ ಮನೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಒಪ್ಪಂದದ ಮೇಲೆ ಕೂಲಿಯಿಲ್ಲದೆ ದುಡಿಯುವುದೂ ಮುಯ್ಯಿ; ಹಾಗೆ ಬಂದು ದುಡಿಯುವವನು ಮುಯ್ಯಾಳು. ಇಷ್ಟೇ ಆಗಿದ್ದರೆ ನೆರೆಹೊರೆಯ ಸೌಹಾರ್ದವನ್ನು ಸಾರುವ ಚೆಲುವಾದ ಪದವೆಂದು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಸೇಡಿಗೂ ಮುಯ್ಯಿ ಎಂದೇ ಹೆಸರು. 'ಮುಯ್ಯಿ ತೀರಿಸಿಕೊಂಡ' ಎಂದರೆ ಆತ ಉಡುಗೊರೆ ಕೊಟ್ಟು ಬಂದನೆಂದು ಯಾರೂ ತಿಳಿಯುವುದಿಲ್ಲ. ಇಂಥ ಎದುರುಬದುರು ಅರ್ಥಗಳು ಒಂದೇ ಪದದೊಳಗೆ ಕೂಡಿಕೊಂಡಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಪಡೆದುದನ್ನು ಅಳೆದು ಹಿಂದಕ್ಕೆ ಕೊಡುವುದೇ ಎರಡರ ತಿರುಳು. ಒಳಿತಾಗಲಿ ಕೆಡುಕಾಗಲಿ, ತೂಗುವ ತಕ್ಕಡಿ ಒಂದೇ.

ಈ ತಕ್ಕಡಿಯನ್ನು ಪಕ್ಕಕ್ಕಿಡಲು ಬಹು ಹಿಂದೆಯೇ ಯತ್ನಿಸಿದವರಲ್ಲಿ ಯೆಹೂದಿ ಧರ್ಮಶಾಸ್ತ್ರಕಾರರೂ ಸೇರಿದ್ದಾರೆ. ಮಂಡೆಕೋಲಿನಂಥ ಮೂಲೆಯ ಊರಿನ ಓದುಗರಿಗೆ ಯೆಹೂದಿಗಳ ಶಾಸ್ತ್ರದಿಂದ ಏನಾಗಬೇಕಿದೆ ಎಂದು ಕೆಲವರು ಕೇಳಬಹುದು. 12ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿಯೇ ಹದಿನೇಳು ವರ್ಷಗಳಷ್ಟು ಕಾಲ ವ್ಯಾಪಾರ ನಡೆಸಿದ ಒಬ್ಬ ಯೆಹೂದಿಯ ಕಾಗದಪತ್ರಗಳು ಇಂದಿಗೂ ಉಳಿದಿವೆ. ಅವನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಕತ್ತೆಯ ವಿಚಾರ.

ಯೆಹೂದಿಗಳ ತೋರಾದ ಎರಡನೆಯ ಪುಸ್ತಕ ವಿಮೋಚನಕಾಂಡ. ಅದರ 23ನೆಯ ಅಧ್ಯಾಯದಲ್ಲಿ ಒಂದರ ಹಿಂದೆ ಒಂದರಂತೆ ಎರಡು ಕಟ್ಟಳೆಗಳಿವೆ. ವೈರಿಯ ಎತ್ತೋ ಕತ್ತೆಯೋ ದಾರಿತಪ್ಪಿ ಅಲೆಯುವುದನ್ನು ಕಂಡರೆ ಅದನ್ನು ಅವನಲ್ಲಿಗೆ ಮರಳಿಸಬೇಕೆಂಬುದು ಮೊದಲನೆಯದು. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಅಡಿಯಲ್ಲಿ ಕುಸಿದು ಬಿದ್ದಿದ್ದರೆ ಕಂಡೂ ಕಾಣದಂತೆ ಹೋಗಬಾರದು, ಅವನ ಜೊತೆಗೂಡಿ ಹೊರೆಯನ್ನು ಬಿಡಿಸಬೇಕೆಂಬುದು ಎರಡನೆಯದು. ಇದೇ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿ ಇನ್ನೊಮ್ಮೆ ಬರುತ್ತದೆ. ಅಲ್ಲಿ ಮಾತ್ರ 'ದ್ವೇಷಿಸುವವನ ಕತ್ತೆ' ಎಂಬಲ್ಲಿ 'ಸಹೋದರನ ಕತ್ತೆ' ಎಂದಿದೆ. ಈ ವ್ಯತ್ಯಾಸ ನನ್ನನ್ನು ಬಹಳ ಕಾಲ ಕಾಡಿದೆ. ಜಮೀನಿನ ಪಾಲುಪಟ್ಟಿಯ ವ್ಯಾಜ್ಯಗಳನ್ನು ಕಂಡವರಿಗೆ ದ್ವೇಷಿಸುವವನು ಹಾಗೂ ಸಹೋದರ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕುಳಿತುಕೊಳ್ಳುವುದು ಅಚ್ಚರಿಯೆನಿಸಲಾರದು.

ಗಮನಿಸಬೇಕಾದುದೇನೆಂದರೆ, ಇಲ್ಲಿ ವೈರಿಯನ್ನು ಪ್ರೀತಿಸು ಎಂದು ಹೇಳಿಲ್ಲ, ಹೋಗಿ ಮಾತಾಡಿಸು ಎಂದೂ ಹೇಳಿಲ್ಲ. ಹೇಳಿರುವುದು ಕೈಯ ಕೆಲಸ ಮಾತ್ರ. ಹೊರೆಯ ಹಗ್ಗ ಬಿಚ್ಚಬೇಕು, ಮೂಟೆ ಇಳಿಸಬೇಕು. ಮನಸ್ಸಿನೊಳಗೆ ಏನಿದೆ ಎಂದು ಆ ಹೊತ್ತಿನಲ್ಲಿ ಯಾರೂ ವಿಚಾರಿಸುವುದಿಲ್ಲ.

ಮುಂದೆ ಮಿಶ್ನಾ ಹಾಗೂ ತಾಲ್ಮುದ್ ಗ್ರಂಥಗಳ ಪಂಡಿತರು ಈ ಒಂದು ವಾಕ್ಯವನ್ನು ಹಿಡಿದು ನಡೆಸಿದ ಜಿಜ್ಞಾಸೆ ನಮ್ಮ ಮೀಮಾಂಸಕರನ್ನು ನೆನಪಿಗೆ ತರುತ್ತದೆ. ಹೊರೆ ಇಳಿಸಿ, ಕತ್ತೆಯನ್ನು ಎಬ್ಬಿಸಿ, ಮತ್ತೆ ಹೇರಿದ ಮೇಲೆ ಅದು ಪುನಃ ಬಿದ್ದರೆ? ನಾಲ್ಕು ಸಲ ಐದು ಸಲವಾದರೂ ಕೈಕೊಡಬೇಕು. ಎಷ್ಟು ದೂರದಿಂದ ಕಂಡರೆ ಹೋಗಿ ನೆರವಾಗುವ ಕರ್ತವ್ಯ ಹುಟ್ಟುತ್ತದೆ? ಅದಕ್ಕೂ ಒಂದು ಅಳತೆಯನ್ನು ಗೊತ್ತುಮಾಡಿದರು. ಹೊರೆ ಇಳಿಸಿದುದಕ್ಕೆ ಕೂಲಿ ಕೇಳುವಂತಿಲ್ಲ. ಮರಳಿ ಹೇರಿದುದಕ್ಕೆ ಕೇಳಬಹುದು. ಕತ್ತೆಯ ಒಡೆಯ ದಾರಿಯ ಬದಿಯಲ್ಲಿ ಕುಳಿತು 'ಪುಣ್ಯದ ಕೆಲಸ ನಿನ್ನದಲ್ಲವೇ, ಇಳಿಸುವುದಿದ್ದರೆ ಇಳಿಸು' ಎಂಬ ಧಾಟಿಯಲ್ಲಿ ಮಾತಾಡಿದರೆ? ಆಗ ದಾರಿಹೋಕ ಆ ಕರ್ತವ್ಯದಿಂದ ಮುಕ್ತ, ಏಕೆಂದರೆ ಮೂಲದಲ್ಲಿ 'ಅವನ ಜೊತೆಗೂಡಿ' ಎಂದಿದೆ. ಒಡೆಯ ಮುದುಕನೋ ರೋಗಿಯೋ ಆಗಿದ್ದರೆ ಮಾತ್ರ ಒಬ್ಬನೇ ಇಳಿಸಬೇಕು. ಮನುಷ್ಯ ಸ್ವಭಾವವನ್ನು ಇಷ್ಟು ಚೆನ್ನಾಗಿ ಬಲ್ಲ ಶಾಸ್ತ್ರ ನನಗೆ ಪ್ರಿಯವಾಗುತ್ತದೆ. ಒಳ್ಳೆಯತನವನ್ನು ವಿಧಿಸುವಾಗಲೂ ಅದು ಯಾರನ್ನೂ ಮೂರ್ಖನನ್ನಾಗಿ ಮಾಡುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಬಾವಾ ಮೆಟ್ಸಿಯಾ ಎಂಬ ಭಾಗದಲ್ಲಿದೆ. ದಾರಿಯಲ್ಲಿ ಎರಡು ಕತ್ತೆಗಳು ಎದುರಾಗುತ್ತವೆ. ಒಂದು ಗೆಳೆಯನದು, ಹೊರೆಯಡಿ ಕುಸಿದಿದೆ. ಇನ್ನೊಂದು ವೈರಿಯದು, ಅದು ಸುಖವಾಗಿ ನಿಂತಿದೆ, ಹೊರೆ ಹೇರಲು ಒಂದು ಕೈ ಬೇಕಾಗಿದೆ ಅಷ್ಟೆ. ಯಾರಿಗೆ ಮೊದಲು ನೆರವು? ಮೂಕಪ್ರಾಣಿಯ ನೋವನ್ನು ಎಣಿಸಿದರೆ ಕುಸಿದುದನ್ನು ಮೊದಲು ಎಬ್ಬಿಸಬೇಕು. ಸಾಮಾನ್ಯವಾಗಿ ಶಾಸ್ತ್ರವೂ ಹಾಗೆಯೇ ಹೇಳುತ್ತದೆ. ಆದರೆ ಒಬ್ಬ ಗೆಳೆಯ, ಒಬ್ಬ ವೈರಿ ಎಂದಾಗ ವೈರಿಗೇ ಮೊದಲು ಎಂದು ತೀರ್ಪಾಗಿದೆ. ಕಾರಣ: ನೆರವಾಗುವವನು ತನ್ನೊಳಗಿನ ಕೆಟ್ಟ ಪ್ರವೃತ್ತಿಯನ್ನು ಅಡಗಿಸಬೇಕಾಗಿದೆ. ಅಲ್ಲಿ ಕುಸಿದಿರುವುದು ಗೆಳೆಯನ ಕತ್ತೆಯೊಂದೇ ಅಲ್ಲ, ನೋಡುತ್ತ ನಿಂತವನ ಮನಸ್ಸೂ ಕುಸಿದಿದೆ ಎಂದು ಅವರು ಬಗೆದಂತೆ ತೋರುತ್ತದೆ. ಬಾಯಿಲ್ಲದ ಕತ್ತೆಗೆ ಇದು ನ್ಯಾಯವೇ ಎಂಬ ಸಂಶಯ ನನಗೆ ಇಂದಿಗೂ ಪರಿಹಾರವಾಗಿಲ್ಲ.

ಈ ವಿಚಾರದ ಮೇಲೆ ಒಂದು ಕಥೆಯೂ ಇದೆ. ತನ್ಹೂಮಾ ಎಂಬ ಹಳೆಯ ವ್ಯಾಖ್ಯಾನ ಸಂಗ್ರಹದಲ್ಲಿ ರಬ್ಬಿ ಅಲೆಕ್ಸಾಂದ್ರಿ ಅದನ್ನು ಹೇಳುತ್ತಾನೆ. ಪರಸ್ಪರ ಹಗೆಯಿದ್ದ ಇಬ್ಬರು ಕತ್ತೆಯಾಳುಗಳು ಒಂದೇ ದಾರಿಯಲ್ಲಿ ಸಾಗುತ್ತಿದ್ದರು. ಒಬ್ಬನ ಕತ್ತೆ ಮಲಗಿಬಿಟ್ಟಿತು. ಇನ್ನೊಬ್ಬ ಅದನ್ನು ದಾಟಿ ಮುಂದೆ ಹೋದವನು ಕಟ್ಟಳೆಯನ್ನು ನೆನೆದು ಹಿಂದಿರುಗಿ ಬಂದು ಹೊರೆಗೆ ಕೈಕೊಟ್ಟ. ಕೆಲಸ ಮಾಡುವಾಗ ಮಾತಾಡದೆ ವಿಧಿಯಿಲ್ಲ. ಆ ಕಡೆ ಸಡಿಲಿಸು, ಈ ಕಡೆ ಎತ್ತು ಎನ್ನಲೇಬೇಕು. ಹೊರೆ ಕೂಡಿಸುವಷ್ಟರಲ್ಲಿ ಇವನು ನನ್ನ ಹಗೆಯೆಂದು ಎಣಿಸಿದ್ದೆನಲ್ಲ ಎಂದು ಕತ್ತೆಯ ಒಡೆಯನಿಗೆ ಒಳಗೊಳಗೇ ಅನಿಸಿತು. ಮುಂದೆ ಇಬ್ಬರೂ ಒಂದು ಛತ್ರಕ್ಕೆ ಹೋಗಿ ಒಟ್ಟಿಗೆ ಉಂಡರು. ಕಥೆಯೇನೋ ಸೊಗಸಾಗಿದೆ. ಆದರೆ ಕಟ್ಟಳೆಯಲ್ಲಿ ಛತ್ರದ ಊಟ ಇಲ್ಲ. ಊಟವಾಗದೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದಿದ್ದರೂ ವಿಧಿ ಪಾಲಿಸಿದಂತೆಯೇ ಆಗುತ್ತಿತ್ತು.

ನಮ್ಮ ಸೀಮೆಯಲ್ಲಿ ಕತ್ತೆಯ ಬಳಕೆ ಕಡಿಮೆ, ಹೇರೆತ್ತಿನ ಬಳಕೆ ಇತ್ತು. ಮೋಟಾರು ಬರುವ ಮುಂಚೆ ಸಂಪಾಜೆಯ ದಾರಿಯಲ್ಲಿ ಕರಾವಳಿಯ ಉಪ್ಪು ಕೊಡಗಿಗೆ ಏರುತ್ತಿತ್ತು, ಕೊಡಗಿನ ಅಕ್ಕಿ ಇಳಿಯುತ್ತಿತ್ತು. ಎರಡನ್ನೂ ಹೊತ್ತದ್ದು ಎತ್ತುಗಳ ಬೆನ್ನು. ತಲೆಹೊರೆಯವರಿಗಾಗಿ ದಾರಿಬದಿಯಲ್ಲಿ ಎರಡು ಕಲ್ಲುಗಳನ್ನು ನೆಟ್ಟು ಮೇಲೊಂದು ಚಪ್ಪಡಿ ಹಾಸುತ್ತಿದ್ದರು. ಗಡಿಯಾಚೆಯ ಮಲೆಯಾಳಿಗರು ಅದನ್ನು 'ಅತ್ತಾಣಿ' ಎನ್ನುತ್ತಾರೆ. ಯಾರ ನೆರವನ್ನೂ ಕೇಳದೆ ಹೊರೆಯನ್ನು ಇಳಿಸಲು, ಮತ್ತೆ ಹೊರಲು ಅದರಿಂದ ಅನುಕೂಲ. ಹಾದು ಹೋಗುವವನು ಗೆಳೆಯನೋ ಹಗೆಯೋ ಎಂಬ ಪ್ರಶ್ನೆಯನ್ನೇ ಕಲ್ಲು ಅಳಿಸಿಹಾಕುತ್ತದೆ.

ಕಲ್ಲಿನಿಂದ ಆಗದ ಕೆಲಸಗಳೂ ಇವೆ. ಸುಳ್ಯದ ಈ ಅಂಚಿನಲ್ಲಿ, ಪಯಸ್ವಿನಿಯ ಆಚೀಚೆ, ತುಳು, ಅರೆಭಾಷೆ, ಮಲೆಯಾಳ, ಕನ್ನಡಗಳನ್ನಾಡುವ ಮನೆಗಳು ಒಂದರ ಮಗ್ಗುಲಲ್ಲಿ ಇನ್ನೊಂದಿವೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಡುವೆ ರಾಜ್ಯದ ಗಡಿಯೂ ಬಂದಿತು. ಇಲ್ಲಿ ಜಗಳವೆಂದರೆ ಹೆಚ್ಚಾಗಿ ಬೇಲಿ ಹಾಗೂ ನೀರಿನದು. ಎರಡು ಮನೆಗಳ ನಡುವೆ ಮಾತು ನಿಂತು ಒಂದು ತಲೆಮಾರೇ ಕಳೆದಿರುತ್ತದೆ. ಆದರೂ ಮಳೆ ಹಿಂದೆ ಸರಿದ ಮೇಲೆ ತೋಡಿಗೆ ಕಲ್ಲುಮಣ್ಣಿನ ಕಟ್ಟ ಕಟ್ಟದಿದ್ದರೆ ಬೇಸಿಗೆಯಲ್ಲಿ ಇಬ್ಬರ ಅಡಕೆ ತೋಟವೂ ಒಣಗುತ್ತದೆ. ಒಬ್ಬನೇ ಕಟ್ಟಲಾಗದು. ಮಾತಿಲ್ಲದ ಇಬ್ಬರು ಒಂದೇ ಸಾಲಿನಲ್ಲಿ ನಿಂತು ಕಲ್ಲು ದಾಟಿಸುವ ನೋಟ ಈ ಕಡೆಯವರಿಗೆ ಹೊಸತಲ್ಲ. ಸಾವಿನ ಮನೆಯಲ್ಲಿಯೂ ಹಾಗೆಯೇ: ಮದುವೆಗೆ ಕರೆಯದವನು ಮರ ಕಡಿಯಲು ಕೊಡಲಿ ಹಿಡಿದು ಬರುತ್ತಾನೆ, ಬಂದುದನ್ನು ಯಾರೂ ಎತ್ತಿ ಆಡುವುದಿಲ್ಲ. 'ಅವನ ಜೊತೆಗೂಡಿ' ಎಂಬ ಮಾತಿನ ಅರ್ಥ ನನಗೆ ಹೊಳೆದುದು ವ್ಯಾಖ್ಯಾನಗಳಿಗಿಂತ ಹೆಚ್ಚಾಗಿ ಇಂಥ ಕಡೆಗಳಲ್ಲಿ.

ಕೊಡಲಿಯ ಮಾತು ಬಂದುದರಿಂದ ಮುಯ್ಯಿಗೆ ಮರಳಬಹುದು. ಯಾಜಕಕಾಂಡದ 19ನೆಯ ಅಧ್ಯಾಯ ಸೇಡು ತೀರಿಸಬಾರದು, ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳಬಾರದು ಎನ್ನುತ್ತದೆ. ಈ ಎರಡರ ಭೇದವೇನೆಂದು ತಾಲ್ಮುದಿನ ಪಂಡಿತರು ಒಂದು ಹಳ್ಳಿಯ ಉದಾಹರಣೆಯಿಂದ ವಿವರಿಸುತ್ತಾರೆ. ಒಬ್ಬ ಕುಡುಗೋಲು ಕೇಳಿದ, ನೆರೆಯವನು ಕೊಡಲಿಲ್ಲ. ಮರುದಿನ ಆ ನೆರೆಯವನೇ ಬಂದು ಇವನಲ್ಲಿ ಕೊಡಲಿ ಕೇಳಿದ. ನೀನು ಕೊಡಲಿಲ್ಲ, ನಾನೂ ಕೊಡೆನೆಂದರೆ ಅದು ಸೇಡು. ಇಷ್ಟು ಯಾರಿಗಾದರೂ ತಿಳಿಯುತ್ತದೆ. ಕೊಡಲಿಯನ್ನು ಕೈಗೆ ಕೊಟ್ಟು, ನಾನು ನಿನ್ನ ಹಾಗಲ್ಲ ನೋಡು ಎಂದರೆ? ಅದೇ ಹಗೆ ಇಟ್ಟುಕೊಳ್ಳುವುದು, ಅದೂ ನಿಷಿದ್ಧ. ಸೇಡಿನ ಮುಯ್ಯಿಯನ್ನು ಬಿಟ್ಟರೆ ಸಾಲದು, ಔದಾರ್ಯವನ್ನು ಅಳೆದು ತೋರಿಸುವ ಮುಯ್ಯಿಯನ್ನೂ ಬಿಡಬೇಕು. ನಮ್ಮಲ್ಲಿ ಸಜ್ಜನರೆಂದು ಹೆಸರಾದವರೂ ಸೋಲುವುದು ಈ ಎರಡನೆಯ ಪರೀಕ್ಷೆಯಲ್ಲಿ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಲೇಖನ ಸುಂದರವಾಗುತ್ತದೆ, ಆದರೆ ಪೂರ್ಣ ಸತ್ಯವಾಗುವುದಿಲ್ಲ. ಕತ್ತೆಯ ಕಟ್ಟಳೆಯಲ್ಲಿ ಬರುವ ವೈರಿ ಯಾರು? ತಾಲ್ಮುದ್ ಈ ಪ್ರಶ್ನೆಯನ್ನು ಎತ್ತಿ, ಅವನು ಇಸ್ರಾಯೇಲ್ಯನೇ ಹೊರತು ಅನ್ಯಜನಾಂಗದವನಲ್ಲ ಎನ್ನುತ್ತದೆ. ಕೊರ್ದೋವಾದಲ್ಲಿ ಹುಟ್ಟಿ, ಈಜಿಪ್ಟಿನ ಫುಸ್ತಾತಿನಲ್ಲಿ ನೆಲೆಸಿ, 1204ರಲ್ಲಿ ತೀರಿಕೊಂಡ ಮಹಾಪಂಡಿತ ಮೈಮೊನಿಡೀಸ್ ತನ್ನ ಧರ್ಮಸಂಹಿತೆಯಲ್ಲಿ ಅದನ್ನೇ ಸ್ಥಿರಪಡಿಸಿದ. (ನಮ್ಮ ಕಡಲಿನೊಡನೆ ಈತನದು ನೋವಿನ ನಂಟು. ವ್ಯಾಪಾರಕ್ಕೆಂದು ಹೊರಟ ಇವನ ತಮ್ಮ ದಾವೀದ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆ ದುಃಖದಲ್ಲಿ ಅಣ್ಣ ಬಹುಕಾಲ ಹಾಸಿಗೆ ಹಿಡಿದ.) ತನ್ನ ಜನರೊಳಗಿನ ವೈರಿ ಎಂದರೆ ಪಾಪ ಮಾಡಿ, ಎಚ್ಚರಿಸಿದರೂ ತಿದ್ದಿಕೊಳ್ಳದವನು, ಅಂಥವನನ್ನೂ ಹೊರೆಯ ಬಳಿ ಬಿಟ್ಟುಹೋದರೆ ಅವನ ಪ್ರಾಣಕ್ಕೆ ಅಪಾಯವಾದೀತು, ಆದ್ದರಿಂದ ಬಿಡಬಾರದು ಎಂಬುದು ಅವನ ವಿವರಣೆ.

ಈ ಮಿತಿಯನ್ನು ಕಂಡು ನಾವು ಹೆಮ್ಮೆಪಡುವಂತಿಲ್ಲ. ತಾಳಮದ್ದಳೆಗಳಲ್ಲಿ ಅರ್ಥಧಾರಿಗಳಿಗೆ ಹುರುಪು ತರುವ ಘೋಷಯಾತ್ರೆಯ ಸಂದರ್ಭವನ್ನೇ ನೋಡಿ. ವನವಾಸದಲ್ಲಿದ್ದ ಪಾಂಡವರನ್ನು ಹಂಗಿಸಲು ಬಂದ ಕೌರವನನ್ನು ಗಂಧರ್ವ ಚಿತ್ರಸೇನ ಕಟ್ಟಿಹಾಕುತ್ತಾನೆ. ಭೀಮನಿಗೆ ಸಂತೋಷ. ಧರ್ಮರಾಯ ಮಾತ್ರ ಬಿಡಿಸಿ ತರಲು ತಮ್ಮಂದಿರನ್ನು ಕಳಿಸುತ್ತಾನೆ. ನಮ್ಮೊಳಗೆ ನಾವು ಐವರು, ಅವರು ನೂರ್ವರು. ಹೊರಗಿನವನು ಮೇಲೆ ಬಿದ್ದರೆ ನಾವು ನೂರೈದು ಮಂದಿ ಎಂಬುದು ಅವನ ವಾದ. ತರಗತಿಯಲ್ಲಿ ಇದನ್ನು ಹೇಳುವಾಗ, ಚಿತ್ರಸೇನ ಬಿದ್ದಿದ್ದರೆ ಧರ್ಮರಾಯ ಎತ್ತುತ್ತಿದ್ದನೇ ಎಂದು ಒಬ್ಬನಾದರೂ ಕೇಳುತ್ತಿದ್ದ. ಒಳ್ಳೆಯ ಪ್ರಶ್ನೆ. ಧರ್ಮರಾಯನ ಔದಾರ್ಯಕ್ಕೂ ತಾಲ್ಮುದಿನ ಔದಾರ್ಯಕ್ಕೂ ಒಂದೇ ಬೇಲಿ: ಒಳಗಿನ ಹಗೆಗೆ ಕೈಕೊಡು ಎನ್ನುವಾಗಲೇ ಹೊರಗಿನವನು ಯಾರೆಂಬುದೂ ಗೊತ್ತಾಗುತ್ತದೆ. ಈ ಬೇಲಿಯನ್ನು ತೆಗೆದುಹಾಕಿದ ಮಾತು ಬೇಕೆಂದರೆ ಬಸವಣ್ಣನವರ ಕಡೆಗೆ ತಿರುಗಬೇಕು. ಆಕಳನ್ನು ಕದ್ದೊಯ್ದವರ ಕುರಿತಾದ ಅವರ ವಚನದಲ್ಲಿ ಕಳ್ಳನ ಕುಲವನ್ನು ವಿಚಾರಿಸುವುದಿಲ್ಲ. ಅಲ್ಲಿ ಉಣ್ಣುವವನೂ ಕೂಡಲಸಂಗಮನೇ. ಯೆಹೂದಿ ಶಾಸ್ತ್ರವೂ ಬೇಲಿಯನ್ನು ಬೇರೆ ಬಾಗಿಲಿನಿಂದ ದಾಟಿದೆ. ಶಾಂತಿಯ ದಾರಿಗಾಗಿ ಅನ್ಯಜನರ ಬಡವರಿಗೂ ಅನ್ನವಿಡಬೇಕು, ಅವರ ರೋಗಿಗಳನ್ನು ನೋಡಲು ಹೋಗಬೇಕು, ಅವರ ಸತ್ತವರನ್ನು ಮಣ್ಣುಮಾಡಬೇಕು ಎಂಬ ವಿಧಿ ತಾಲ್ಮುದಿನಲ್ಲಿಯೇ ಇದೆ.

ಹಾಗಾದರೆ ಇಂಥ ಶಾಸ್ತ್ರವನ್ನು ಓದಿ ಬೆಳೆದ ಒಬ್ಬ ಮನುಷ್ಯ ಅನ್ಯಜನರ ನಡುವೆ, ಅಂದರೆ ನಮ್ಮ ನಡುವೆ, ಹೇಗೆ ಬಾಳಿದ?

ಅವನ ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟುನೀಸಿಯಾದ ಮಹ್ದಿಯಾ ಪಟ್ಟಣದವನು. ಏಡನಿಗೆ ಬಂದು, ಅಲ್ಲಿನ ಯೆಹೂದಿ ವರ್ತಕರ ಮುಖಂಡ ಮದ್ಮೂನನ ಆಶ್ರಯ ಪಡೆದು, 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ತುಳುನಾಡನ್ನು ಆಗ ಆಳುತ್ತಿದ್ದವರು ಆಳುಪರು. ಕವಿ ಆಳುಪೇಂದ್ರನ ಕಾಲ. ಯೆಹೂದಿಗಳು ದೇವರ ಹೆಸರಿರಬಹುದಾದ ಬರೆಹವನ್ನು ನಾಶಮಾಡುವುದಿಲ್ಲ. ಫುಸ್ತಾತಿನ ಬೆನ್ ಎಜ್ರಾ ಸಿನಗಾಗಿನ ಕೋಣೆಯೊಂದರಲ್ಲಿ ಹಾಗೆ ಶತಮಾನಗಳ ಕಾಲ ತುಂಬಿಟ್ಟ ಕಾಗದಗಳಲ್ಲಿ ಇವನವೂ ಉಳಿದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್‌ಗೆ ಒಯ್ದ. ಭಾರತದ ವ್ಯಾಪಾರದ ಪತ್ರಗಳನ್ನು ಹೆಕ್ಕಿ ಓದಿದ ಕೀರ್ತಿ ಎಸ್. ಡಿ. ಗೊಯ್‌ಟೈನ್ ಅವರದು. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ 'ಇನ್ ಆನ್ ಆಂಟೀಕ್ ಲ್ಯಾಂಡ್' ಪುಸ್ತಕದಿಂದ ಈ ಕಥೆ ಸಾಮಾನ್ಯ ಓದುಗರಿಗೂ ತಿಳಿಯಿತು.

ಬೆನ್ ಯಿಜು ಶಾಸ್ತ್ರ ಬಲ್ಲವನು, ಪದ್ಯ ಕಟ್ಟುತ್ತಿದ್ದವನು, ಅಂದವಾದ ಕೈಬರೆಹದವನು. ಮಂಗಳೂರಿನಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. 1132ರ ಅಕ್ಟೋಬರ್ 17ರಂದು ಅಶು ಎಂಬ ಈ ನಾಡಿನ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಅವನ ವ್ಯಾಪಾರದ ಕೆಲಸಗಳಿಗೆ ಏಡನಿಗೂ ಹೋಗಿಬರುತ್ತಿದ್ದ ಊಳಿಗದವನೊಬ್ಬನಿದ್ದ. ಅರಬ್ಬಿ ಮಾತನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದ ಪತ್ರಗಳಲ್ಲಿ ಅವನ ಹೆಸರು ಮೂರೇ ವ್ಯಂಜನಗಳಾಗಿ ಉಳಿದಿತ್ತು. ಅದನ್ನು 'ಬೊಮ್ಮ' ಎಂದು ಓದಲು ಘೋಷ್ ಅವರಿಗೆ ನೆರವಾದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ. ಏಡನಿನಲ್ಲಿ ಈ ಬೊಮ್ಮ ಕುಡಿದು ಹಣಕ್ಕಾಗಿ ಪೀಡಿಸಿದನೆಂದು ಮದ್ಮೂನ್ ದೂರುತ್ತಾನೆ. ಆದರೂ ಅವನು ಕೆಲಸ ಕಳೆದುಕೊಳ್ಳಲಿಲ್ಲ. ಮುಂದಿನ ಪತ್ರಗಳಲ್ಲಿ ಏಡನಿನ ವರ್ತಕರು ಅವನಿಗೂ ವಂದನೆ ಹೇಳಿ ಕಳಿಸುತ್ತಾರೆ.

ಕಷ್ಟ ಕೊಟ್ಟವನು ಇನ್ನೊಬ್ಬ. ಪತ್ರಗಳು ಅವನನ್ನು 'ಕಾರ್ದಾರ್' ಎನ್ನುತ್ತವೆ. ನಮ್ಮ ಕಿವಿಗೆ ಇದು ಕಾರಭಾರಿ ಎಂಬ ಮಾತಿನ ನೆಂಟನಂತೆ ಕೇಳುತ್ತದೆ. ಏಲಕ್ಕಿ ಒದಗಿಸುವೆನೆಂದು ಮುಂಗಡ ಪಡೆದ ಈ ದಲ್ಲಾಳಿ ಸರಕನ್ನು ಒಪ್ಪಿಸಲಿಲ್ಲ. ಹಣದಲ್ಲಿ ಏಡನಿನ ಪಾಲುದಾರರ ಭಾಗವೂ ಇತ್ತು. ಅವರು ಬೆನ್ ಯಿಜುವಿಗೆ ಬರೆದ ಪತ್ರಗಳಲ್ಲಿ ಕಾರ್ದಾರನ ಹೆಸರಿನ ಬೆನ್ನಿಗೇ ಶಾಪವಿದೆ. ಕೊಡದಿದ್ದರೆ ಏಡನಿನಲ್ಲಿ ಅವನ ಮಾನ ಕಳೆಯುತ್ತೇವೆಂದು ಹೆದರಿಸು ಎಂಬ ಸಲಹೆಯೂ ಇದೆ. ಏಲಕ್ಕಿ ಬೆಳೆಯುವುದು ಘಟ್ಟದಲ್ಲಿ. ಯಾವುದೋ ಘಟ್ಟದ ದಾರಿಯಲ್ಲಿ ಯಾರದೋ ಬೆನ್ನಿನ ಮೇಲೆ ಅದು ಇಳಿಯಬೇಕು. ಆ ವರ್ಷ ಹೊರೆ ಎಲ್ಲಿ ಬಿದ್ದಿತ್ತು, ಕಾರ್ದಾರ್ ಮೋಸಗಾರನೋ ಅಥವಾ ತಾನೇ ಮೋಸಹೋದವನೋ ಎಂಬುದು ಏಡನಿನಿಂದ ಕಾಣುವಂತಿರಲಿಲ್ಲ. ನಮ್ಮವನ ಪರ ವಹಿಸಿ ಹೀಗೆ ಹೇಳುತ್ತಿದ್ದೇನೆಂದು ಓದುಗರು ಅಂದುಕೊಂಡರೆ ಅಲ್ಲಗಳೆಯಲಾರೆ. ಹೇಗಿದ್ದರೂ ಇಲ್ಲಿ ಕತ್ತೆಯ ಕಟ್ಟಳೆಯನ್ನು ಯಾರೂ ನೆನೆಯಲಿಲ್ಲ. ಕಾರ್ದಾರ್ ಅದರ ಬೇಲಿಯ ಹೊರಗಿದ್ದ.

ಬೇಲಿಯ ಒಳಗಿನವನಿಂದ ಆದ ಪೆಟ್ಟು ಇದಕ್ಕಿಂತ ದೊಡ್ಡದು. 1148ರಲ್ಲಿ ಸಿಸಿಲಿಯ ರಾಜ ರೋಜರನ ಸೇನೆ ಮಹ್ದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. 1149ರಲ್ಲಿ ಆತ ಮಕ್ಕಳೊಡನೆ ಮಂಗಳೂರನ್ನು ಬಿಟ್ಟು ಏಡನಿಗೆ ಬಂದು, ಸೆಪ್ಟೆಂಬರ್ 11ರಂದು ತನ್ನವರಿಗೆ ಪತ್ರ ಬರೆದ: ನಮಗೆಲ್ಲರಿಗೂ ಸಾಲುವಷ್ಟು ಸಂಪತ್ತು ತಂದಿದ್ದೇನೆ, ಬನ್ನಿ ಎಂಬುದು ಅದರ ಸಾರ. (ಅಶು ಜೊತೆಗೆ ಹೋದಂತೆ ಕಾಣುವುದಿಲ್ಲ.) ಮುಬಶ್ಶಿರ್ ಎಂಬ ತಮ್ಮ ಬಂದ, ನೆರವು ಪಡೆದ, ಕೊನೆಗೆ ಅಣ್ಣನ ದೊಡ್ಡ ಮೊತ್ತವನ್ನು ನುಂಗಿದ. ಇನ್ನೊಬ್ಬ ಸಹೋದರ ಯೂಸುಫನಿಗೆ ಬರೆದ ಪತ್ರದಲ್ಲಿ ಬೆನ್ ಯಿಜು ಈ ವಂಚನೆಯನ್ನು ಹೇಳಿಕೊಂಡು ಕೊರಗುತ್ತಾನೆ. ಧರ್ಮೋಪದೇಶಕಾಂಡದ 'ಸಹೋದರ', ವಿಮೋಚನಕಾಂಡದ 'ದ್ವೇಷಿಸುವವನು' ಇಬ್ಬರೂ ಇಲ್ಲಿ ಅಕ್ಷರಶಃ ಒಬ್ಬನೇ. ಶಾಸ್ತ್ರ ಬಲ್ಲ ಈ ಅಣ್ಣ ಕಟ್ಟಳೆಯನ್ನು ತಿಳಿಯದವನಲ್ಲ. ಮುಬಶ್ಶಿರನನ್ನು ಕ್ಷಮಿಸಿದೆನೆಂಬ ಮಾತು ಪತ್ರದಲ್ಲಿಲ್ಲ. ಇರಬೇಕೆಂದು ಕಟ್ಟಳೆ ಬಯಸುವುದೂ ಇಲ್ಲ. ಕತ್ತೆ ದಾರಿಯಲ್ಲಿ ಬಿದ್ದಾಗ ಮಾತ್ರ ಅದು ಎಚ್ಚರಗೊಳ್ಳುವಂಥದು.

ಆದರೆ ಒಂದನ್ನು ಗಮನಿಸಬಹುದು. ಒಬ್ಬ ತಮ್ಮ ಕೆಡಿಸಿದನೆಂದು ಆತ ಬಳಗದ ಬಾಗಿಲನ್ನೇ ಮುಚ್ಚಿಕೊಳ್ಳಲಿಲ್ಲ. ಹಣ ಹೋಗಿತ್ತು, ಮಗನೂ ಹೋಗಿದ್ದ. ಉಳಿದವಳು ಮಂಗಳೂರಿನಲ್ಲಿ ಹುಟ್ಟಿದ ಮಗಳು ಸಿತ್ ಅಲ್-ದಾರ್. ಸಿರಿವಂತ ಪರರಿಗಿಂತ ಬಡವನಾದರೂ ತಮ್ಮವನಾದವನಿಗೇ ಅವಳನ್ನು ಕೊಡುವೆನೆಂದು ಸಿಸಿಲಿಯ ಮಜಾರಾದಲ್ಲಿ ನಿರಾಶ್ರಿತನಾಗಿದ್ದ ಯೂಸುಫನ ಮಗನನ್ನು ಕರೆಸಿಕೊಂಡ. 1156ರಲ್ಲಿ ಫುಸ್ತಾತಿನಲ್ಲಿ ಮದುವೆಯಾಯಿತು. ವರನ ಹೆಸರು ಪೆರಹ್ಯಾ, ಅಜ್ಜನ ಹೆಸರು. ವಧುವಿಗೆ ಕೊಟ್ಟ ಒಡವೆ ವಸ್ತುಗಳ ಪಟ್ಟಿಯೂ ಅದೇ ಕಾಗದದ ರಾಶಿಯಲ್ಲಿ ಉಳಿದಿದೆ. ಕಾಗದ ದುಬಾರಿಯಾಗಿದ್ದ ಕಾಲ. ತನಗೆ ಬಂದ ಪತ್ರಗಳ ಬೆನ್ನಿನ ಮೇಲೂ ಬೆನ್ ಯಿಜು ಲೆಕ್ಕ ಬರೆಯುತ್ತಿದ್ದ. ಬೈಗುಳ ಒಂದು ಮಗ್ಗುಲಲ್ಲಿ, ಅಕ್ಕಿ, ಅಡಕೆ, ಏಲಕ್ಕಿಗಳ ಲೆಕ್ಕ ಇನ್ನೊಂದು ಮಗ್ಗುಲಲ್ಲಿ.